ಮೋಡ ಸೋಸಿದ ಕಾಗದ

ಎನಿವೆಟಾಕ್
6 ಮೇ 1956

ಅತ್ತೆ,

ಘಂಟೆ ಬಾರಿಸು! ಪರದೆ ಎತ್ತು! ನಿನ್ನ ಅಣ್ಣನ ಮಗ, ನಮ್ಮ ಡೇರೆ ನಾಟಕ ಕಂಪನಿಯ ಗಾಡಿಯಲ್ಲಿ ಹುಟ್ಟಿ ಬೆಳೆದ ಲೈಲ್ ಬ್ರೆಮರ್, ನಿನ್ನೆ ಬೆಳಿಗ್ಗೆ ಈ ದ್ವೀಪದಲ್ಲಿ ಪರೀಕ್ಷೆಗೆ ಸಿಡಿಸಿದ ಅಣುಬಾಂಬಿನ ಮೋಡದೊಳಗೆ ಹೊಕ್ಕ, ಮೂರು ನಿಮಿಷ ಇದ್ದ, ಆಚೆಗೆ ಬಂದ, ಮಧ್ಯಾಹ್ನ ಡಬ್ಬಿ ಮಾಂಸ ತಿಂದು ನಿದ್ದೆ ಹೊಡೆದ.

ನಡೆದದ್ದು ಇಷ್ಟು. ಬಾಂಬು ಸಿಡಿದ ಮೇಲೆ ಎರಡು ಗಂಟೆ ಕಾದೆವು. ಮೋಡ ಮೇಲೇರಿ, ಹರಡಿ, ಒಂದು ಕಡೆ ನಿಲ್ಲಬೇಕು. ನಮಗಿಂತ ಮೇಲೆ ದೊಡ್ಡ ವಿಮಾನದಲ್ಲಿ ಕೂತ ವಿಜ್ಞಾನಿಯೊಬ್ಬ ರೇಡಿಯೋದಲ್ಲಿ ದಾರಿ ಹೇಳಿದ. "ಎಡಕ್ಕೆ ತಿರುಗು. ಆ ಕಂದು ಅಂಚು ಕಾಣ್ತಾ? ಹೂಂ, ನುಗ್ಗು." ನುಗ್ಗಿದೆ. ಒಳಗೆ ಇಟ್ಟಿಗೆಪುಡಿಯ ಬಣ್ಣದ ಕತ್ತಲೆ. ರೆಕ್ಕೆಯ ತುದಿಗಳಲ್ಲಿ ಎರಡು ತೊಟ್ಟಿಗಳಿವೆ. ಅವುಗಳ ಬಾಯಿ ತೆರೆದರೆ ಗಾಳಿ ನುಗ್ಗಿ, ಒಳಗಿನ ಸೋಸುಕಾಗದದ ಮೇಲೆ ಬೂದಿ ಕೂರುತ್ತದೆ. ಆ ಬೂದಿಯನ್ನು ನೋಡಿ ಬಾಂಬು ಹೇಗೆ ಉರಿಯಿತು ಎಂದು ಹೇಳುವವರು ಗುಡ್ಡದ ಮೇಲಿನ ಪ್ರಯೋಗಾಲಯದಲ್ಲಿರುವ ನೀವು!

ಇಳಿದ ಮೇಲೆ ವಿಮಾನದ ಮೈಯನ್ನು ಮುಟ್ಟುವಂತಿಲ್ಲ. ಫೋರ್ಕ್‌ಲಿಫ್ಟ್ ಗಾಡಿ ಬಂದು ಹಲಗೆಯನ್ನು ಪಕ್ಕಕ್ಕೆ ಎತ್ತಿ ಹಿಡಿಯುತ್ತದೆ. ಅದರ ಮೇಲೆ ಕಾಲಿಟ್ಟು ಮದುವಣಿಗನ ಹಾಗೆ ಕೆಳಗಿಳಿಯಬೇಕು. ಉದ್ದನೆಯ ಕೋಲು ಹಿಡಿದವರು ಸೋಸುಕಾಗದವನ್ನು ಹೊರಗೆಳೆದು, ಸುರುಳಿ ಸುತ್ತಿ, ಸೀಸದ ಪೆಟ್ಟಿಗೆಗೆ ಹಾಕುತ್ತಾರೆ.

ನಾವು ಸೀಸದ ಅಂಗಿ ತೊಟ್ಟು ಹಾರುತ್ತೇವೆ. ಅಂಗಿಯ ಮೇಲೆ, ಎದೆಗೆ, ಒಂದು ಫಿಲ್ಮಿನ ಬಿಲ್ಲೆ. ವಿಕಿರಣ ಎಷ್ಟು ತಾಗಿತೋ ಅಷ್ಟು ಆ ಫಿಲ್ಮು ಕಪ್ಪಾಗುತ್ತದೆ. ವಿಕಿರಣದ ಅಳತೆಯಲ್ಲಿ ನಿನ್ನೆ ನನ್ನದು ಒಂದೂವರೆ ತೋರಿಸಿತು. ಎಲ್ಲ ಹಾರಾಟ ಸೇರಿ ನಾಲ್ಕು ಮುಟ್ಟಿದರೆ ಈ ಸಲದ ಹಾರಾಟ ಬಂದ್. ನೆಲದ ಕೆಲಸಕ್ಕೆ ಹಾಕುತ್ತಾರೆ.

ನನ್ನ ಡೇರೆಯ ಜೊತೆಗಾರ ರಸ್ ಟಾಲಿವರ್, ಅಲಬಾಮಾದವನು. "ಮೂರೇ ನಿಮಿಷನಾ? ಲೇ ಬ್ರೆಮರ್, ನಮ್ಮಜ್ಜಿ ಕೋಳಿಗೆ ಕಾಳು ಹಾಕಿ ಬರೋಕೆ ಇದಕ್ಕಿಂತ ಹೆಚ್ಚು ಹೊತ್ತು ತಗೋತಾಳೆ" ಅಂತ ಹಂಗಿಸಿದ. "ಹೆಚ್ಚು ಹೊತ್ತು ಇದ್ರೆ ನಾಳೆ ಫೋರ್ಕ್‌ಲಿಫ್ಟ್ ಓಡಿಸ್ತಿರ್ತೀಯ ಮಗನೇ" ಅಂದೆ.

ವಿಮಾನದ ನಂಬರು ನಲವತ್ತೆರಡು. ಕಿಟಕಿಯ ಕೆಳಗೆ ಬಿಳಿ ಬಣ್ಣದಲ್ಲಿ ನನ್ನ ಹೆಸರು ಬರೆಸಿದ್ದಾರೆ. ಈ ಕಾಗದವನ್ನು ಟಪಾಲಿಗೆ ಹಾಕುತ್ತಿಲ್ಲ. ಪೆಟ್ಟಿಗೆ ಒಯ್ಯುವ ವಿಮಾನದ ಸಾರ್ಜೆಂಟ್ ನಮ್ಮ ಅಯೋವಾದವನೇ, ನಿನ್ನ ಕೈಗೇ ಕೊಡುತ್ತಾನೆ.

ನಿನ್ನ ಲೈಲ್


ಗುಡ್ಡ, ನ್ಯೂ ಮೆಕ್ಸಿಕೊ
10 ಮೇ 1956

ಲೈಲ್ ಮಗಾ,

ಬಂತು! ಪೆಟ್ಟಿಗೆಯೂ ಬಂತು, ಕಾಗದವೂ ಬಂತು.

ನನ್ನ ಕೆಲಸ ಏನೆಂದು ನಿನಗೆ ಸರಿಯಾಗಿ ಹೇಳಿರಲಿಲ್ಲ, ಹೇಳಬಾರದು ಎಂದು ಪ್ರಮಾಣ ಮಾಡಿಸಿಕೊಂಡಿದ್ದಾರೆ. ಆದರೆ ನೀನು ಅದೇ ಸರಪಳಿಯ ಆ ತುದಿ, ನಾನು ಈ ತುದಿ. ನೀನು ಸೋಸಿದ ಕಾಗದದ ಚೂರನ್ನು ಯಂತ್ರದ ಕೆಳಗಿಟ್ಟು ಅದು ಎಷ್ಟು ಬಿಸಿ ಎಂದು ಎಣಿಸುವವಳು ನಾನು. ಒಲೆಯ ಬಿಸಿಯಲ್ಲ, ವಿಕಿರಣದ ಬಿಸಿ. ಪ್ರತಿ ಪೆಟ್ಟಿಗೆಯ ಜೊತೆ ಒಂದು ಚೀಟಿ ಇರುತ್ತದೆ. ವಿಮಾನದ ನಂಬರು, ಮೋಡದಲ್ಲಿದ್ದ ನಿಮಿಷ, ಪೈಲಟ್‌ನ ಬಿಲ್ಲೆಯ ಅಂಕಿ. ಹೆಸರು ಇರುವುದಿಲ್ಲ. ಇನ್ನು ಮೇಲೆ ನನಗೆ ಹೆಸರು ಬೇಕಾಗಿಯೂ ಇಲ್ಲ!

ಊಟದ ಹೊತ್ತಿಗೆ ನಿನ್ನ ಕಾಗದವನ್ನು ನಮ್ಮ ಕೋಣೆಯ ಆರು ಹೆಂಗಸರ ಮುಂದೆ ಕುರ್ಚಿ ಹತ್ತಿ ನಿಂತು ಓದಿದೆ. ಇಪ್ಪತ್ತೆರಡು ವರ್ಷ ಡೇರೆಯ ಕೊನೆಯ ಬೆಂಚಿಗೂ ಕೇಳುವಂತೆ ಕೂಗಿದ ಗಂಟಲು ಇದು. ಕಾರಿಡಾರಿನವರೂ ಬಂದು ನಿಂತರು. ಪಕ್ಕದ ಮೇಜಿನ ಯೂಲಾಲಿಯಾ, "ಅಯ್ಯೋ ಆರ್ಡಿಸ್, ನಾನೇ ಮೋಡದೊಳಗೆ ಹೋಗ್ಬಂದಂಗಾಯ್ತು ಕಣ್ರೀ. ಮುಂದಿನ ಕಾಗದ ಯಾವಾಗ?" ಅಂದಳು. ಅವಳ ತಮ್ಮ ಇಲ್ಲೇ ಲಾರಿ ಓಡಿಸುತ್ತಾನೆ. ಪಾಪ, ಅವನ ಬಗ್ಗೆ ಕುರ್ಚಿ ಹತ್ತಿ ಓದುವಂಥದ್ದು ಏನಿದೆ? ಬೇಗ ಬರಿ.

ಅತ್ತೆ ಆರ್ಡಿಸ್


ಎನಿವೆಟಾಕ್
22 ಮೇ 1956

ಅತ್ತೆ,

ತಡವಾಯಿತು, ಕೆಲಸ ಜಾಸ್ತಿ. ನಿನ್ನ ಆರು ಹೆಂಗಸರಿಗೆ ಈಗ ಕುರ್ಚಿ ಸಾಲದು, ಮೇಜು ಹತ್ತು!

ನಿನ್ನೆಯ ಮೋಡ ಹೂಕೋಸಿನ ಹಾಗೆ ಗಂಟುಗಂಟಾಗಿ, ನೆತ್ತಿಯಲ್ಲಿ ನೇರಳೆ ಬಣ್ಣ ತಾಳಿ ನಿಂತಿತ್ತು. ಮೇಲಿನಿಂದ ವಿಜ್ಞಾನಿ "ಅಂಚಿನಲ್ಲೇ ಹೋಗು" ಅಂತಾನೆ. ಅಂಚಿನಲ್ಲಿ ಏನು ಸಿಗುತ್ತದೆ, ಅತ್ತೆ? ಮೂಗು ಒಳಗಿಟ್ಟ ಮೇಲೆ ನಡುವಿಗೇ ಹೋಗುವುದು! ವಿಮಾನ ಕುಲುಕಿತು, ದಿಕ್ಸೂಚಿ ಗರಗರ ತಿರುಗಿತು, ಗಾಜಿನ ಮೇಲೆ ಮರಳು ಉಜ್ಜಿದ ಸದ್ದು. ಒಂದು ನಿಮಿಷ. ಮೂರು. ಐದು. "ಹೊರಗೆ ಬಾ, ಹೊರಗೆ ಬಾ" ಎಂದು ರೇಡಿಯೋ ಬಾಯಿ ಬಡಿದುಕೊಳ್ಳುತ್ತಿತ್ತು. ಹೊರಗೆ ಬಂದಾಗ ಸಮುದ್ರದ ನೀಲಿ ಕಂಡು ಹಾಡು ಹೇಳಬೇಕೆನಿಸಿತು.

ಇಳಿದ ಮೇಲೆ ನಾಲ್ಕು ಸಲ ಸಾಬೂನು ಹಚ್ಚಿ ಉಜ್ಜಿದರು. ಚರ್ಮ ಕೆಂಪಾಗಿದೆ. ಹಸಿವು ಚೆನ್ನಾಗಿದೆ.

ನಿನ್ನ ಲೈಲ್


ಗುಡ್ಡ
30 ಮೇ 1956

ಲೈಲ್ ಮಗಾ,

ಓದಿದೆ. ಯೂಲಾಲಿಯಾ ಎರಡು ಸಲ ಓದಿಸಿದಳು. ಮೊದಲ ಕಾಗದಕ್ಕಿಂತ ಇದು ಚೆನ್ನಾಗಿದೆ, ಅದೇ ನನಗೆ ಹಿಡಿಸಲಿಲ್ಲ. ಮೊದಲ ಸಲ ಹೆದರಿದವನ ಕೈ ಬರೆದಿತ್ತು. ಈ ಸಲ ಮೋಡದ ರುಚಿ ಹತ್ತಿದವನ ಕೈ. ನಡುವಿಗೆ ಯಾಕಪ್ಪಾ ಹೋಗುತ್ತೀ? ಅಂಚಿನ ಬೂದಿಯೇ ನಮಗೆ ಸಾಕು.

ಇನ್ನೊಂದು ಮಾತು. ಮೇ 21ರಿಂದ ನಲವತ್ತೆರಡರ ಸೋಸುಕಾಗದ ಬಂದ ಎರಡು ಸಲವೂ ಅದು ಉಳಿದೆಲ್ಲ ವಿಮಾನಗಳದ್ದಕ್ಕಿಂತ ದುಪ್ಪಟ್ಟು ಬಿಸಿ ಇತ್ತು. ಚೀಟಿಯಲ್ಲಿ ಬಿಲ್ಲೆಯ ಅಂಕಿ ಮಾತ್ರ ಎಲ್ಲರಿಗಿಂತ ಕಡಿಮೆ, ಮುಕ್ಕಾಲು. ಯಂತ್ರ ಕೆಟ್ಟಿರಬಹುದು ಎಂದು ಬೇರೆ ಯಂತ್ರದಲ್ಲೂ ಎಣಿಸಿದೆ. ಕೆಟ್ಟಿಲ್ಲ.

ಬಿಲ್ಲೆಯನ್ನು ಎಲ್ಲಿ ಸಿಕ್ಕಿಸಿಕೊಳ್ಳುತ್ತೀ?

ಅತ್ತೆ


ಎನಿವೆಟಾಕ್
7 ಜೂನ್ 1956

ಅತ್ತೆ,

ಎದೆಗೆ! ಇನ್ನೆಲ್ಲಿ, ಮೂಗಿಗೆ ಸಿಕ್ಕಿಸಿಕೊಳ್ಳಲೇ? ಫಿಲ್ಮು ಒಂದೊಂದು ದಿನ ಒಂದೊಂದು ಥರ. ಇಲ್ಲಿನ ಸೆಕೆಗೆ ಚಾಕಲೇಟೇ ನಿಲ್ಲುವುದಿಲ್ಲ, ಫಿಲ್ಮು ನಿಲ್ಲುತ್ತದೆಯೇ. ಚಿಂತೆ ಬಿಟ್ಟು ಎಣಿಸುವ ಕೆಲಸ ಮಾಡು.

ನಿನ್ನೆ ಮತ್ತೆ ನಲವತ್ತೆರಡು ಹೋಯಿತು. ಐದು ನಿಮಿಷ. ಸಂಜೆ ವಾಲಿಬಾಲ್ ಆಡಿದೆವು, ಗೆದ್ದೆವು.

ಲೈಲ್


ಗುಡ್ಡ
11 ಜೂನ್ 1956

ಲೈಲ್,

ಈಗ ಕುರ್ಚಿ ಇಲ್ಲ, ಮೇಜು ಇಲ್ಲ, ಕೇಳುವ ಹೆಂಗಸರಿಲ್ಲ. ಈ ಕಾಗದ ನಿನಗೊಬ್ಬನಿಗೆ.

ಐವತ್ತೊಂದನೇ ನಂಬರಿನವನು ನೀನು ತಂದದ್ದರ ಅರ್ಧ ಬೂದಿ ತಂದ. ಅವನ ಬಿಲ್ಲೆ ಒಂದೂವರೆ. ಹಾಗಾದರೆ ನಿನ್ನ ಬಿಲ್ಲೆ ಮೂರು ತೋರಿಸಬೇಕು. ತೋರಿಸಿದ್ದು ಮುಕ್ಕಾಲು. ಒಂದು ಸಲವಲ್ಲ, ಮೂರು ಸಲ! ಸೆಕೆ ನಿನ್ನ ಫಿಲ್ಮನ್ನಷ್ಟೇ ಕೆಡಿಸಿ ಅವನದನ್ನು ಬಿಡುತ್ತದೆಯೇ? ಇದಕ್ಕೆ ಇರುವುದು ಒಂದೇ ಅರ್ಥ. ಬಿಲ್ಲೆ ಸೀಸದ ಅಂಗಿಯ ಒಳಗಿದೆ. ಚೀಟಿಯ ಪ್ರಕಾರ ಈ ಮೂರು ಹಾರಾಟದಲ್ಲಿ ನಿನ್ನ ಮೈಗೆ ಎರಡೂ ಕಾಲು ತಾಗಿದೆ. ನನ್ನ ಲೆಕ್ಕದಲ್ಲಿ ಒಂಬತ್ತು. ನಾಲ್ಕಕ್ಕೆ ನಿಲ್ಲಿಸಬೇಕು ಎಂದು ಬರೆದವನು ನೀನೇ.

ಹಾರುವುದು ಬಿಟ್ಟರೆ ನಿನಗೆ ಬೇರೇನೂ ಇಲ್ಲ ಎಂದು ನನಗೆ ಗೊತ್ತು. ನಾನು ವೇದಿಕೆ ಬಿಟ್ಟ ವರ್ಷ ಕನ್ನಡಿ ನೋಡಿಕೊಂಡಿರಲಿಲ್ಲ. ಆದರೂ ಬದುಕಿದ್ದೇನೆ, ಕಾಫಿಗೆ ಸಕ್ಕರೆ ಹೆಚ್ಚಾಯಿತು ಎಂದು ಜಗಳ ಆಡುತ್ತಿದ್ದೇನೆ.

ನೀನಾಗಿಯೇ ನಿಮ್ಮ ಡಾಕ್ಟರಿಗೆ ಹೇಳು. ಮುಂದಿನ ಪೆಟ್ಟಿಗೆಯಲ್ಲೂ ಇದೇ ಮುಕ್ಕಾಲು ಬಂದರೆ ನಾನು ಹೇಳುತ್ತೇನೆ. ಬೆದರಿಕೆಯಲ್ಲ. ನನಗೆ ನೀನು ಬೇಕು.

ಅತ್ತೆ


ಗುಡ್ಡ
21 ಜೂನ್ 1956

ಲೈಲ್,

ನಿನ್ನ ಉತ್ತರ ಬರಲಿಲ್ಲ. ಸಾರ್ಜೆಂಟ್ ಖಾಲಿ ಕೈ ತೋರಿಸಿದ. ಪೆಟ್ಟಿಗೆ ಬಂತು. ನಲವತ್ತೆರಡು, ಐದು ನಿಮಿಷ, ಬಿಲ್ಲೆ ಮುಕ್ಕಾಲು. ಸೋಸುಕಾಗದ ಎಂದಿನಂತೆ ದುಪ್ಪಟ್ಟು.

ನಮ್ಮ ಮೇಲಧಿಕಾರಿಯ ಮೇಜಿನ ಮುಂದೆ ನಿಂತು ನಾಲ್ಕೂ ಚೀಟಿ ಇಟ್ಟೆ. ದನಿ ಏರಿಸಲಿಲ್ಲ. "ನಲವತ್ತೆರಡರ ಪೈಲಟ್ ಬಿಲ್ಲೆ ಬಚ್ಚಿಡ್ತಿದ್ದಾನೆ, ಸಾರ್" ಎಂದೆ.

ಅವರು ನೋಡಿ, "ಆರ್ಡಿಸ್, ಪೈಲಟ್ ಯಾರು ಅಂತ ನಿಮಗೆ ಗೊತ್ತಾ?" ಅಂದರು.

"ನನ್ನ ಅಣ್ಣನ ಮಗ."

"ಅವನ ಹಾರಾಟ ನಿಂತುಹೋಗುತ್ತೆ. ಯೋಚನೆ ಮಾಡಿದ್ದೀರಾ?"

"ಹತ್ತು ದಿನದಿಂದ ಅದೇ ಮಾಡ್ತಿದ್ದೀನಿ."

ತಂತಿ ಹೋಗಿದೆ. ಬೈಯುವುದಿದ್ದರೆ ಬೈದು ಬರಿ, ಬರೆಯದೆ ಇರಬೇಡ.

ಅತ್ತೆ


ಎನಿವೆಟಾಕ್
25 ಜೂನ್ 1956

ಅತ್ತೆ,

ನೀನು ಹಿಡಿದುಕೊಟ್ಟವನು ನಾನಲ್ಲ.

ನಿಧಾನವಾಗಿ ಬರೆಯುತ್ತೇನೆ, ನೀನೂ ನಿಧಾನವಾಗಿ ಓದು. ನಾನು ಮೇ 13ರಿಂದ ಹಾರಿಲ್ಲ. ಅವತ್ತು ಐವತ್ತೇಳನೇ ನಂಬರಿನ ವಿಮಾನದಲ್ಲಿ ಹೋಗಿದ್ದೆ, ಹೊರಗೆ ಬರುವ ದಾರಿ ತಪ್ಪಿ ಒಳಗೇ ಒಂದು ಸುತ್ತು ಹೊಡೆದೆ. ಬಿಲ್ಲೆ ಎರಡೂ ಮುಕ್ಕಾಲು ತೋರಿಸಿತು. ಮೊದಲಿನ ಒಂದೂವರೆ ಸೇರಿ ನಾಲ್ಕು ದಾಟಿತು. ಮರುದಿನದಿಂದ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದೇನೆ.

ಕಿಟಕಿಯ ಕೆಳಗೆ ಬರೆದ ಹೆಸರು ಬಣ್ಣದವನ ಕೆಲಸ, ಅಷ್ಟೇ. ಹೋಗಿ ಬಂದ ವಿಮಾನವನ್ನು ತೊಳೆದು ಮೂಲೆಗೆ ನಿಲ್ಲಿಸುತ್ತಾರೆ. ಯಾವುದು ಮೊದಲು ತಣ್ಣಗಾಗುತ್ತದೋ ಅದನ್ನು ಯಾರ ಸರದಿಯೋ ಅವರು ಏರುತ್ತಾರೆ. ಇದು ಇಲ್ಲಿನ ಪದ್ಧತಿ. ನಿನಗೆ ಹೇಳಬೇಕಿತ್ತು. ಮೇ 21ರಿಂದ ನಾಲ್ಕು ಸಲವೂ ನಲವತ್ತೆರಡನ್ನು ಹಾರಿಸಿದವನು ಟಾಲಿವರ್.

ನಾನು ಬರೆದ ಹೂಕೋಸು, ನೇರಳೆ ನೆತ್ತಿ, ಗಾಜಿನ ಮೇಲಿನ ಮರಳು, ಎಲ್ಲ ಅವನದು. ಅವನು ಹಾಸಿಗೆಯ ಮೇಲೆ ಬಿದ್ದುಕೊಂಡು ಹೇಳುತ್ತಿದ್ದ. ನಾನು ಬರೆಯುತ್ತಿದ್ದೆ. "ನಿಮ್ಮತ್ತೆಗೆ ನನ್ನ ಹಾರಾಟಾನ ನಿನ್ನ ಹೆಸರಲ್ಲಿ ಮಾರ್ತಿದ್ದೀಯಾ? ಕಳ್ಳ ನನ್ಮಗನೇ! ಬರಿ, ಬರಿ. ಐದು ನಿಮಿಷ ಅನ್ನೋದನ್ನ ಮಾತ್ರ ಮೂರು ಮಾಡ್ಬೇಡ, ನನ್ನ ಮರ್ಯಾದೆ ಹೋಗುತ್ತೆ" ಅಂದಿದ್ದ. ಯೂಲಾಲಿಯಾಳ ತಮ್ಮನ ಬಗ್ಗೆ ನೀನು ಬರೆದದ್ದನ್ನು ಓದಿದ ಮೇಲೆ ನಾನೂ ಗಾಡಿ ಓಡಿಸುವವನಾದೆ ಎಂದು ಬರೆಯಲು ಕೈ ಬರಲಿಲ್ಲ. ನಿನ್ನ ಮೇಲೆ ಹೊರಿಸುತ್ತಿಲ್ಲ. ಬರಲಿಲ್ಲ, ಅಷ್ಟೇ.

ಇನ್ನೊಂದು ಇದೆ, ಅದೇ ದೊಡ್ಡದು. ಅವನನ್ನು ವಿಮಾನದಿಂದ ಕೆಳಗಿಳಿಸುವವನು ನಾನು. ಹಲಗೆ ಮೇಲೆ ಹೋಗಿ ನಿಂತಾಗ ಅವನ ಎದೆ ನನ್ನ ಕಣ್ಣಿಗೆ ನೇರ. ನಾಲ್ಕು ಸಲವೂ ಅವನು ಅಂಗಿಯೊಳಗೆ ಕೈ ಹಾಕಿ ಬಿಲ್ಲೆ ಹೊರತೆಗೆದು, ಎದೆಗೆ ಸಿಕ್ಕಿಸಿಕೊಂಡು, ನನಗೆ ಕಣ್ಣು ಹೊಡೆದ. ಕೆಳಗೆ ಬಿಲ್ಲೆ ಇಸಿದುಕೊಳ್ಳುವವನಿಗೆ ಏನೂ ಕಂಡಿರಲಿಲ್ಲ. ನಾನು ಸುಮ್ಮನಿದ್ದೆ. ಜೊತೆಗಾರನ ಮೇಲೆ ಚಾಡಿ ಹೇಳುವುದು ಹೇಗೆ? ಹೇಳಿದರೆ ನನ್ನ ಕಾಗದಗಳೂ ನಿಲ್ಲುತ್ತವೆ. ಎರಡೂ ಕಾರಣ ನಿಜ. ನಿನ್ನ ಹನ್ನೊಂದರ ಕಾಗದ ಓದಿ ಮೂರು ದಿನ ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಅಷ್ಟರಲ್ಲಿ ಅವನು ನಾಲ್ಕನೇ ಸಲ ಹೋಗಿಬಂದ.

ನಿನ್ನೆ ಡಾಕ್ಟರ್ ಅವನನ್ನು ಕರೆಸಿದರು. ಬಿಲ್ಲೆ ಸದಾ ಎದೆಯ ಮೇಲೇ ಇತ್ತು ಅಂದನಂತೆ. ಸದ್ಯಕ್ಕೆ ಹಾರಾಟ ನಿಲ್ಲಿಸಿದ್ದಾರೆ. ಪುಸ್ತಕದಲ್ಲಿ ಅವನ ಅಂಕಿ ಇನ್ನೂ ಮೂರೇ ಇದೆ.

ಲೈಲ್


ಗುಡ್ಡ
28 ಜೂನ್ 1956

ಲೈಲ್,

ನೀನು ಹಾರುತ್ತಿಲ್ಲ ಎಂದು ಓದಿದಾಗ ಮೊದಲು ಬಂದದ್ದು ನೆಮ್ಮದಿ. ಅಬ್ಬಾ, ನನ್ನವನಲ್ಲ! ಆಮೇಲೆ, ಆ ಇನ್ನೊಬ್ಬನಿಗೂ ಎಲ್ಲೋ ಒಬ್ಬಳು ಕಾಗದ ಓದುವವಳು ಇರುತ್ತಾಳೆ ಎಂದು ಹೊಳೆದು ನಾಚಿಕೆಯಾಯಿತು.

ನನ್ನ ತಪ್ಪನ್ನು ನಾನು ಹೇಳಿಕೊಂಡೆ. ಮೇಲಧಿಕಾರಿಯ ಹತ್ತಿರ ಮತ್ತೆ ಹೋಗಿ, "ಪೈಲಟ್ ಯಾರು ಅಂತ ನಾನು ಹೇಳಿದ್ದು ತಪ್ಪು. ಅಂಕಿ ತಪ್ಪಲ್ಲ" ಅಂದೆ. ಊಟದ ಹೊತ್ತಿಗೆ ಯೂಲಾಲಿಯಾಗೆ, ನನ್ನ ಹುಡುಗ ಫೋರ್ಕ್‌ಲಿಫ್ಟ್ ಓಡಿಸುತ್ತಾನೆ ಎಂದು ಹೇಳಿದೆ. "ಹೌದಾ? ನಮ್ಮ ಹುಡುಗನಂಗೇ ಆಯ್ತಲ್ಲ. ರೊಟ್ಟಿ ಇನ್ನೊಂದು ಹಾಕ್ಲಾ?" ಅಂದಳು. ಅಷ್ಟೇ. ಅಷ್ಟಕ್ಕಾಗಿ ನೀನು ಐದು ವಾರ ಸುಳ್ಳು ಬರೆದೆ, ನಾನು ಬರೆಸಿದೆ.

ಈಗ ಕೆಲಸದ ಮಾತು. ನನ್ನ ಲೆಕ್ಕ ಸೋಸುಕಾಗದದ ಲೆಕ್ಕ, ಮನುಷ್ಯನದಲ್ಲ. ಅದನ್ನು ನೋಡಿ ಅನುಮಾನ ಪಡಬಹುದು, ಒಬ್ಬನ ಅಂಕಿ ತಿದ್ದಲಾಗದು ಎಂದು ಇಲ್ಲಿನವರು ಹೇಳುತ್ತಾರೆ. ಬಿಲ್ಲೆ ಎಲ್ಲಿತ್ತು ಎಂದು ಕಂಡವರು ಹೇಳಿದರೆ ಮಾತ್ರ ತಿದ್ದುತ್ತಾರೆ. ತಿದ್ದದಿದ್ದರೆ ಅವನು ಮೂರು ಎಂದು ಬರೆಸಿಕೊಂಡು ಮನೆಗೆ ಹೋಗುತ್ತಾನೆ, ಮುಂದಿನ ವರ್ಷ ಮತ್ತೆ ಬರುತ್ತಾನೆ, ಮತ್ತೆ ಮೋಡದ ನಡುವಿಗೆ ಹೋಗುತ್ತಾನೆ. ಮೈಗೆ ಏನಾದರೂ ಆದರೆ ಯಾವ ಡಾಕ್ಟರೂ ಇದರಿಂದ ಆಯಿತು ಎಂದು ತಿಳಿಯುವುದಿಲ್ಲ.

ಕಂಡವನು ನೀನೊಬ್ಬನೇ. ಐದು ವಾರ ಸುಮ್ಮನಿದ್ದದ್ದಕ್ಕೆ ನಿನಗೂ ಶಿಕ್ಷೆ ಇರುತ್ತದೆ. ಗೊತ್ತಿದ್ದೇ ಕೇಳುತ್ತಿದ್ದೇನೆ.

ಅತ್ತೆ


ಎನಿವೆಟಾಕ್
3 ಜುಲೈ 1956

ಅತ್ತೆ,

ಹೇಳಿದೆ.

ಡಾಕ್ಟರ ಕೋಣೆಯಲ್ಲಿ ಮೂರೇ ಕುರ್ಚಿ. ನಾನು, ಅವನು, ಡಾಕ್ಟರ್. ನಾನು ಶುರು ಮಾಡುವ ಮೊದಲೇ ಟಾಲಿವರ್ ನನ್ನ ಕಡೆ ತಿರುಗಿ, "ಬ್ರೆಮರ್, ನೀನು ನೋಡಿದ್ದು ಒಂದ್ಸಲ ಇರ್ಬೇಕಲ್ವಾ? ಬಿಸಿಲಿತ್ತು, ನಿನಗೆ ಸರಿಯಾಗಿ ಕಂಡಿರ್ಲಿಕ್ಕಿಲ್ಲ" ಅಂದ. ಬೇಡುತ್ತಿರಲಿಲ್ಲ. ಮಾತು ಮರೆತ ನಟನಿಗೆ ಪಕ್ಕದಿಂದ ಪಿಸುಗುಟ್ಟಿ ಕೊಡುತ್ತಾರಲ್ಲ, ಹಾಗೆ ಕೊಟ್ಟ. ತೆಗೆದುಕೊಂಡಿದ್ದರೆ ಇಬ್ಬರೂ ಎದ್ದು ಊಟಕ್ಕೆ ಹೋಗಬಹುದಿತ್ತು.

"ನಾಲ್ಕು ಸಲ" ಅಂದೆ. ನಾಲ್ಕೂ ದಿನಾಂಕ ಹೇಳಿದೆ.

"ಆಗ್ಲೇ ಯಾಕೆ ಹೇಳ್ಲಿಲ್ಲ?" ಅಂದರು ಡಾಕ್ಟರ್.

"ಗೆಳೆಯ ಸಾರ್. ಮತ್ತೆ ನನಗೆ ನಾಚಿಕೆ."

ಅದನ್ನೂ ಬರೆದುಕೊಂಡರು. ನನ್ನ ಬಡ್ತಿ ಒಂದು ವರ್ಷ ತಡೆದಿದ್ದಾರೆ. ಮುಂದಿನ ಸಲ ಈ ಕೆಲಸಕ್ಕೆ ನನ್ನನ್ನು ಕರೆಯುವುದಿಲ್ಲ. ಇನ್ನು ಮೇಲೆ ಬಿಲ್ಲೆ ನೋಡುವವನು ನೆಲದಲ್ಲಿ ಕಾಯುವುದಿಲ್ಲ, ನನ್ನ ಗಾಡಿಯ ಹಲಗೆಯ ಮೇಲೆ ನಿಂತು ಜೊತೆಗೇ ಮೇಲೆ ಬರುತ್ತಾನೆ. ನಿಮಗೆ ಕಳಿಸುವ ಚೀಟಿಯಲ್ಲಿ ಪೈಲಟ್‌ನ ಹೆಸರೂ ಇರುತ್ತದೆ.

ಟಾಲಿವರ್‌ನ ರಕ್ತ ತೆಗೆದು ನೋಡಿದರು. ಬಿಳಿ ಕಣಗಳು ಕಡಿಮೆ ಇವೆಯಂತೆ. ಏರಬಹುದು, ಏರದಿರಬಹುದು ಅಂದರು. ಪುಸ್ತಕದಲ್ಲಿ ಮೂರು ಹೊಡೆದುಹಾಕಿ ಹದಿಮೂರು ಬರೆದರು. ಹವಾಯಿಯ ಆಸ್ಪತ್ರೆಗೆ ಕಳಿಸುತ್ತಾರೆ. ಆಮೇಲೆ ಮನೆಗೆ.

ಇವತ್ತು ಬೆಳಿಗ್ಗೆ ಡೇರೆಯಲ್ಲಿ ತನ್ನ ಸಾಮಾನು ಕಟ್ಟುತ್ತಾ ಟಾಲಿವರ್ ಕೇಳಿದ, "ಹದಿಮೂರು ಅಂತ ನಿಮ್ಮತ್ತೆ ಹೇಗೆ ಕಂಡುಹಿಡಿದ್ಲು?"

"ಅವಳದು ಹನ್ನೆರಡು ಬಂದಿತ್ತು. ಅಂದಾಜು ಕಡಿಮೆ ಆಗ್ದಿರ್ಲಿ ಅಂತ ಡಾಕ್ಟರ್ ಒಂದು ಸೇರ್ಸಿದ್ರು."

ಅಂಗಿ ಮಡಿಸುವುದನ್ನು ನಿಲ್ಲಿಸಿದ. "ನಿಜ ಹೇಳ್ಲಾ? ಮೂರೇ ಅಂತ ನಾನೂ ನಂಬ್ಕೊಂಡಿದ್ದೆ ಕಣೋ. ಬಿಲ್ಲೆ ಒಳಗಿಟ್ಟೋನು ನಾನೇ. ಆದ್ರೂ ಪ್ರತಿ ಸಲ ಚೀಟಿ ನೋಡಿ, ಸದ್ಯ, ಮುಕ್ಕಾಲೇ ಅಂತ ಸಮಾಧಾನ ಆಗ್ತಿತ್ತು."

ಬೈದಿದ್ದರೆ ಉತ್ತರ ಸಿದ್ಧವಿತ್ತು.

ಹೊರಡುವ ಮೊದಲು, "ಡಾಟಿಗೆ ತಿಳಿಸ್ಬೇಕು. ನಾನು ಬರೆದ್ರೆ ಏನೂ ಆಗಿಲ್ಲ ಅಂತ ಬರೀತೀನಿ, ನನ್ನ ಕೈ ನನಗೆ ಗೊತ್ತು. ನೀನೇ ಬರಿ. ನನ್ನ ಹಾರಾಟ ಬರ್ದು ನಿನಗೆ ಅಭ್ಯಾಸ ಇದೆಯಲ್ಲ" ಅಂದ. ಡಾಟಿ ಅವನ ಹೆಂಡತಿ. ಕೈ ಕುಲುಕಲಿಲ್ಲ. ವಿಳಾಸ ಬರೆದ ಚೀಟಿಯನ್ನು ನನ್ನ ಹಾಸಿಗೆಯ ಮೇಲಿಟ್ಟು ಹೋದ.

ಮಧ್ಯಾಹ್ನದಿಂದ ಬರೆಯುತ್ತಿದ್ದೇನೆ. ಮೂರು ಹಾಳೆ ಹರಿದುಹಾಕಿದೆ, ಮೂರರಲ್ಲೂ ಮೋಡ ತುಂಬ ಚೆನ್ನಾಗಿ ಬಂದಿತ್ತು. ನಾಲ್ಕನೆಯದರಲ್ಲಿ ಇಷ್ಟೇ ಆಗಿದೆ, ಇದನ್ನೇ ಮುಂದುವರಿಸುತ್ತೇನೆ:

"ಶ್ರೀಮತಿ ಟಾಲಿವರ್ ಅವರಿಗೆ, ನನ್ನ ಹೆಸರು ಲೈಲ್ ಬ್ರೆಮರ್. ನಿಮ್ಮ ಯಜಮಾನರನ್ನು ವಿಮಾನದಿಂದ ಕೆಳಗಿಳಿಸುವ ಗಾಡಿ ಓಡಿಸುತ್ತಿದ್ದವನು ನಾನು. ಅವರ ಮೈಗೆ ಹದಿಮೂರು ತಾಗಿದೆ. ನಾಲ್ಕಕ್ಕೇ ನಿಲ್ಲಿಸಬಹುದಿತ್ತು. ನಾನು ನೋಡುತ್ತಿದ್ದೆ."

ಲೈಲ್